ಒಂಟೆ ಚಾಚಾನ ತೀರ್ಪು

ಒಂದು ಖರ್ಜೂರವನ್ನು ಮರದಿಂದ ಕಿತ್ತದ್ದು ತಾನೇ ಎಂದು ಕಾಗೆ, ಅಲ್ಲ ತಾನು ಎಂದು ಅಳಿಲು ಜಗಳಾಡುತ್ತ, ಮಸೀದಿಯ ಹಿಂದಿದ್ದ ಒಂಟೆ ಚಾಚಾನ ಹತ್ತಿರ ಬಂದವು. ಒಂಟೆ ಹಣ್ಣನ್ನು ನಿಧಾನವಾಗಿ ಮೂಸಿತು. ಕಾಗೆಗೆ ತಾಳ್ಮೆ ಎಲ್ಲಿಯದು? "ಬೆನ್ನೇ ಸೊಟ್ಟ ಇರುವವರು ನೆಟ್ಟಗೆ ನ್ಯಾಯ ಹೇಳುತ್ತಾರೆಯೇ!" ಎಂದುಬಿಟ್ಟಿತು.

ಒಂಟೆಯ ಮೂಗಿನ ಹೊಳ್ಳೆಗಳು ಅರಳಿದವು. ಕೆಟ್ಟೆ, ಹಣ್ಣು ಹೋಯಿತು ಎಂದುಕೊಂಡಿತು ಕಾಗೆ. ಅಳಿಲು ಹಿಗ್ಗಿ, "ತೀರ್ಪು ಕೊಡಿ ಚಾಚಾ!" ಎಂದಿತು.

"ಈಗ ಸಿಟ್ಟಿನಲ್ಲಿದ್ದೇನೆ. ಸಿಟ್ಟು ಬಂದರೆ ನಿಂತವನು ಕೂರಬೇಕು, ಆಗಲೂ ಇಳಿಯದಿದ್ದರೆ ಮಲಗಬೇಕು ಎಂದು ಈ ಮಸೀದಿಯ ಗುರು ಹಜರತರು ಮಕ್ಕಳಿಗೆ ಹೇಳಿಕೊಡುತ್ತಾರೆ," ಎಂದು ಒಂಟೆ ಮಂಡಿಯೂರಿ ಕೂತಿತು. ಸಿಟ್ಟು ಇಳಿಯಲಿಲ್ಲ. ಕತ್ತು ಚಾಚಿ ಮಲಗಿತು. ಆಮೇಲೆ ಎದ್ದು, "ತೊಟ್ಟಿನಲ್ಲಿ ಕೊಕ್ಕಿನ ಗುರುತಿದೆ, ಹಲ್ಲಿನ ಗುರುತಿಲ್ಲ. ಹಣ್ಣು ಕಾಗೆಯದು," ಎಂದಿತು.

ಕಾಗೆ ಬೆರಗಾಯಿತು. "ನಿಮ್ಮನ್ನು ಬೈದೆನಲ್ಲ, ಚಾಚಾ?"

"ಬೈದದ್ದು ನನ್ನ ಬೆನ್ನನ್ನು. ಅದಕ್ಕೂ ಈ ಹಣ್ಣಿಗೂ ಏನು ಸಂಬಂಧ?"

"ಕರಿಮೂತಿ!" ಎಂದಿತು ಸೋತ ಅಳಿಲು. ಕಾಗೆಯ ಪುಕ್ಕವೆಲ್ಲ ನಿಮಿರಿತು. ಅದು ಕೂತು ನೋಡಿತು, ಸಿಟ್ಟು ಇಳಿಯಲಿಲ್ಲ. ಕಾಲು ಮೇಲೆ ಮಾಡಿ ಅಂಗಾತ ಮಲಗಿಬಿಟ್ಟಿತು. ಅದನ್ನು ಕಂಡು ಅಳಿಲು ಬಿದ್ದು ಬಿದ್ದು ನಕ್ಕಿತು, ಒಂಟೆಯೂ ನಕ್ಕಿತು. ಕೊನೆಗೆ ಕಾಗೆಗೂ ನಗು ತಡೆಯಲಾಗಲಿಲ್ಲ.

"ಬಾರೋ," ಎಂದಿತು ಮಲಗಿದಲ್ಲಿಂದಲೇ, "ಅರ್ಧ ನಿನಗೆ."