ಕಡಲ ಬಾಗಿಲು, ಊರ ಬಾಗಿಲು

"ಗುರುಗಳೇ, ಸದಾ ಜಗಳವಾಡುವ ಜನರನ್ನು ಹೊರಗೆ ಹಾಕಿ ದೇವರ ಮನೆಯ ಬಾಗಿಲು ಮುಚ್ಚಿದರೆ ತಪ್ಪೇ?"

ಕೇಳಿದವನು ಒಬ್ಬ ಎಳೆಯ ಪಾದ್ರಿ. ತನ್ನ ಮೊದಲ ಇಗರ್ಜಿಗೆ, ಅಂದರೆ ಚರ್ಚಿಗೆ, ಪಾದ್ರಿಯಾಗಿ ಹೋಗಿ ವರ್ಷ ತುಂಬುವುದರೊಳಗೆ ಅಲ್ಲಿನ ಜನ ಅವನನ್ನು ಹಣ್ಣು ಮಾಡಿದ್ದರು. ಹಾಡುವವರಿಗೂ ಹೂವು ಕಟ್ಟುವವರಿಗೂ ಮಾತಿಲ್ಲ. ಹಬ್ಬದ ಊಟಕ್ಕೆ ಯಾರು ಮೊದಲು ಕೂರಬೇಕೆಂದು ಕೈ ಕೈ ಮಿಲಾಯಿಸಿದ್ದರು. ಇದನ್ನೆಲ್ಲ ಹೇಳಿಕೊಳ್ಳಲು ಅವನು ತನಗೆ ಪಾಠ ಹೇಳಿದ ಮುದಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ನದಿ ಕಡಲನ್ನು ಸೇರುವ ಅಳಿವೆಯ ಬದಿಯಲ್ಲಿ ಒಂದು ಊರು. ಊರಿಗೆ ಎರಡು ಕೇರಿ, ಬಡಗುಕೇರಿ ಮತ್ತು ತೆಂಕುಕೇರಿ. ಎರಡರಲ್ಲೂ ಮೀನುಗಾರರೇ. ನಡುವಿನ ದಿಬ್ಬದ ಮೇಲೆ ಒಂದು ಪುಟ್ಟ ಇಗರ್ಜಿ. ಹಿಂದೊಮ್ಮೆ ಎರಡೂ ಕೇರಿಯವರಿದ್ದ ದೋಣಿ ಬಿರುಗಾಳಿಗೆ ಸಿಕ್ಕಿತ್ತು. ಬದುಕಿ ದಡ ಮುಟ್ಟಿದರೆ ಸಂತ ಅಂತೋನಿಗೆ ಒಂದು ನೆಲೆ ಮಾಡಿಕೊಡುತ್ತೇವೆಂದು ಅವರು ಹರಕೆ ಹೊತ್ತರು. ಬದುಕಿದರು. ತೆಂಗಿನ ಮಡಲು ಹೊದಿಸಿ ಒಂದು ಗುಡಿಸಲು ಕಟ್ಟಿದರು. ಅದಕ್ಕೆ ಬಾಗಿಲೇ ಇರಲಿಲ್ಲ. ಹಾಗಾಗಿ ಜಗಳವೂ ಇರಲಿಲ್ಲ.

ಒಂದು ಮಳೆಗಾಲ ಕಡಲು ಗುಡಿಸಲನ್ನು ಒಯ್ದಿತು. ಜನ ಮಣ್ಣಿನ ಗೋಡೆ ಎಬ್ಬಿಸಿದರು. ಬಾಗಿಲಿನ ಮಾತು ಬಂದದ್ದು ಆಗ. ಬಾಗಿಲು ಕಡಲ ಕಡೆಗಿರಲಿ, ದೋಣಿಯಲ್ಲಿರುವವರಿಗೆ ದೀಪ ಕಾಣಲಿ ಎಂದರು ಬಡಗುಕೇರಿಯವರು. ಕಡಲ ಗಾಳಿಗೆ ದೀಪ ಉಳಿದರೆ ತಾನೇ ಕಾಣುವುದು, ಊರ ಕಡೆಗಿರಲಿ ಎಂದರು ತೆಂಕುಕೇರಿಯವರು. ಯಾರ ಕೈ ಮೇಲಾಯಿತೋ ಅವರ ಕಡೆಗೆ ಬಾಗಿಲು ತಿರುಗಿತು. ಮಣ್ಣಿನ ಗೋಡೆ ಹೋಗಿ ಮುರಕಲ್ಲಿನ ಗೋಡೆ ಬಂತು. ಹಳಬರು ಹೋಗಿ ಮೊಮ್ಮಕ್ಕಳು ಬಂದರು. ಜಗಳ ಮಾತ್ರ ಹೋಗಲಿಲ್ಲ.

ಇಗರ್ಜಿಯನ್ನು ನೋಡಿಕೊಳ್ಳುತ್ತಿದ್ದವನು ಕೈತಾನ ಎಂಬ ಬಡಗಿ. ಬಾಗಿಲು ಕಿತ್ತು ಆಚೆ ಇಡುವುದು, ಆಚೆಯದನ್ನು ಕಿತ್ತು ಈಚೆ ಇಡುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಅವನಿಗೆ ಸಾಕಾಗಿ ಹೋಯಿತು. ಯಾರನ್ನೂ ಕೇಳದೆ ಕಡಲ ಕಡೆಗೊಂದು, ಊರ ಕಡೆಗೊಂದು, ಎರಡು ಬಾಗಿಲು ಇಟ್ಟುಬಿಟ್ಟ. ಇನ್ನಾದರೂ ಬಾಯಿ ಮುಚ್ಚುತ್ತಾರೆ ಎಂದುಕೊಂಡ. ಮುಂದಿನ ಭಾನುವಾರವೇ ಎರಡರಲ್ಲಿ ಮುಂಬಾಗಿಲು ಯಾವುದೆಂದು ಜಗಳ ಶುರುವಾಯಿತು. ಕೈತಾನ ತಲೆ ಚಚ್ಚಿಕೊಂಡ.

ಆ ವರ್ಷದ ಹಬ್ಬಕ್ಕೆ ಸಂತನ ಪ್ರತಿಮೆಯನ್ನು ಮೆರವಣಿಗೆಗೆ ಎತ್ತಿದರು. ಒಂದು ಕೇರಿಯವರು ಒಂದು ಬಾಗಿಲಿಗೆ ಎಳೆದರು, ಇನ್ನೊಂದು ಕೇರಿಯವರು ಇನ್ನೊಂದಕ್ಕೆ. ಮರದ ಪ್ರತಿಮೆ. ತೋಳು ಲಟಕ್ಕೆಂದು ಮುರಿದು ನೆಲಕ್ಕೆ ಬಿತ್ತು. ಅದು ಬಿದ್ದ ಮೇಲೂ ಜಗಳ ನಿಲ್ಲಲಿಲ್ಲ. ಮುರಿದವರು ಯಾರೆಂದು ಮುಂದುವರಿಯಿತು.

ಕೈತಾನನಿಗೆ ತಡೆಯಲಾಗಲಿಲ್ಲ. ಗಂಡಸರು ಹೆಂಗಸರೆನ್ನದೆ ಎಲ್ಲರನ್ನೂ ಹೊರಗೆ ನೂಕಿದ. ಸುತ್ತಿಗೆ ತಂದು ಎರಡೂ ಬಾಗಿಲಿಗೆ ಅಡ್ಡಪಟ್ಟಿ ಬಡಿದ. "ನಿಮ್ಮ ದೇವರೂ ಬೇಡ, ನಿಮ್ಮ ಸಹವಾಸವೂ ಬೇಡ. ಹಾಳಾಗಿ ಹೋಗಿ!" ಎಂದು ಕೂಗಿ ಮನೆಯೊಳಗೆ ಹೋದ.

ಆಮೇಲೆ ಊರು ತಣ್ಣಗಾಯಿತು. ಬಡಗುಕೇರಿಯವರು ಪೂಜೆಗೆ ನದಿ ದಾಟಿ ಪಕ್ಕದ ಊರಿಗೆ ಹೋದರು. ತೆಂಕುಕೇರಿಯವರು ಗುಡ್ಡದಾಚೆಯ ಊರಿಗೆ ಹೋದರು. ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಬರಲಿಲ್ಲ. ಭಾನುವಾರದ ಕಿರುಚಾಟ ನಿಂತಿತು. ಕೈತಾನ ಹಾಯಾಗಿ ಗಂಜಿ ಉಂಡ. ಈ ಬುದ್ಧಿ ಅಜ್ಜನಿಗೇಕೆ ಬರಲಿಲ್ಲ ಎಂದುಕೊಂಡ.

ಮಳೆಗಾಲ ಮುಗಿಯುತ್ತ ಬಂದಿತ್ತು. ತೆಂಕುಕೇರಿಯ ದೋಣಿಗಳೆಲ್ಲ ಮೀನಿನ ಹಿಂದೆ ದೂರ ಹೋಗಿದ್ದವು. ಇಜಬೆಲ್ ಎಂಬ ವಿಧವೆಯ ಮಗ ಲೋರ್ಸು ಒಬ್ಬನೇ ಹಿಂದೆ ಉಳಿದಿದ್ದ. ಅವನು ಪುಟ್ಟ ದೋಣಿಯಲ್ಲಿ ಹೊರಟ; ಅಳಿವೆಯ ತೆರೆಗೆ ಸಿಕ್ಕಿ ದೋಣಿ ಮಗುಚಿತು. ದೋಣಿಯ ಬೆನ್ನು ಹಿಡಿದು ಬಹಳ ಹೊತ್ತು ಕೂಗಿದ. ತಾಯಿ ದಡದಲ್ಲಿ ನಿಂತು ಎದೆ ಬಡಿದುಕೊಂಡಳು. ಬಡಗುಕೇರಿಯ ದೋಣಿಗಳು ಅಲ್ಲೇ ಮರಳಿನ ಮೇಲಿದ್ದವು. ಒಂದೂ ಕದಲಲಿಲ್ಲ. ಸಂಜೆಗೆ ಲೋರ್ಸುವಿನ ಹೆಣ ದಡಕ್ಕೆ ಬಂತು.

ಕೈತಾನ ನೇರವಾಗಿ ಬಡಗುಕೇರಿಗೆ ನಡೆದ. ಬಾಗಿಲಿನ ಜಗಳದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ದುಮಿಂಗನದು. ಅವನ ಅಂಗಿ ಹಿಡಿದು ಕೇಳಿದ: "ಕಿವಿ ಸತ್ತಿತ್ತೇನೋ ನಿನಗೆ? ಹುಡುಗ ಕೂಗಿದ್ದು ಕೇಳಲಿಲ್ಲವೇ?"

"ಕೇಳಿತು, ಕೈತಾನಣ್ಣ," ಎಂದ ದುಮಿಂಗ. "ಅವರ ಕೇರಿಯವರೇ ಹೋಗುತ್ತಾರೆ ಎಂದುಕೊಂಡೆವು. ಅವರ ದೋಣಿ ಒಂದೂ ಊರಲ್ಲಿಲ್ಲ ಎಂದು ನಮಗೆ ಯಾರು ಹೇಳಬೇಕು? ಮೊದಲಾದರೆ ಭಾನುವಾರ ಇಗರ್ಜಿಯಲ್ಲಿ ಬೈದಾಡುವಾಗ ಎಲ್ಲ ತಿಳಿಯುತ್ತಿತ್ತು."

ಕೈತಾನನ ಕೈ ಸಡಿಲವಾಯಿತು. ಅವನು ದಿಬ್ಬ ಹತ್ತಿದ. ತಾನೇ ಬಡಿದ ಪಟ್ಟಿಗಳನ್ನು ಕೊಡಲಿಯಿಂದ ಸೀಳಿ ಕಿತ್ತ.

ಮರುದಿನ ಲೋರ್ಸುವಿನ ಶವಪೆಟ್ಟಿಗೆ ಬಂತು. ಒಂದು ಬದಿಗೆ ರಾತ್ರಿ ಕಡಲಿನಿಂದ ಮರಳಿದ್ದ ತೆಂಕುಕೇರಿಯವರು ಹೆಗಲು ಕೊಟ್ಟಿದ್ದರು, ಇನ್ನೊಂದು ಬದಿಗೆ ದುಮಿಂಗ ಮತ್ತು ಅವನ ಕೇರಿಯವರು. ದಿಬ್ಬದ ಮೇಲೆ ಬಂದವರು ನಿಂತರು. ಕಡಲಿನ ಮಗ, ಕಡಲ ಬಾಗಿಲಿನಿಂದ ಒಳಗೆ ಹೋಗಲಿ ಎಂದ ದುಮಿಂಗ. ಅವನನ್ನು ತಿಂದ ಕಡಲಿಗೆ ಮರ್ಯಾದೆ ಬೇರೆ ಕೊಡಬೇಕೇ, ಊರ ಬಾಗಿಲೇ ಆಗಬೇಕು ಎಂದರು ತೆಂಕುಕೇರಿಯವರು. ಪೆಟ್ಟಿಗೆ ಹೆಗಲ ಮೇಲಿದ್ದಂತೆಯೇ ದನಿ ಏರಿತು.

ಜನ ಕೈತಾನನ ಕಡೆ ನೋಡಿದರು. ಈಗ ಇವನು ಸುತ್ತಿಗೆ ತರುತ್ತಾನೆ ಎಂದುಕೊಂಡರು. ಕೈತಾನ ಮೆಟ್ಟಿಲ ಮೇಲೆ ಕುಳಿತು, ಮುಖ ಒರೆಸಿಕೊಂಡು, ಅವರ ಜಗಳ ಮುಗಿಯುವವರೆಗೂ ಕಾದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಎಳೆಯ ಪಾದ್ರಿಗೆ ಸಮಾಧಾನವಾಗಲಿಲ್ಲ.

"ಅದಾದ ಮೇಲಾದರೂ ಅವರ ಜಗಳ ನಿಂತಿತೇ, ಗುರುಗಳೇ?"

"ಇಲ್ಲ ಮಗನೇ, ಆದರೆ ಅಳಿವೆಯಲ್ಲಿ ಆಮೇಲೆ ಯಾರೂ ಒಂಟಿಯಾಗಿ ಮುಳುಗಲಿಲ್ಲ."