ನೇಕಾರನ ಬಲಗೈ

"ಗುರುಗಳೇ, ಧನಿಕನೊಬ್ಬನ ಗೋಡೆ ಕುಸಿದು ನನ್ನ ಮೊಣಕಾಲು ಮುರಿಯಿತು. ಈಗ ಅವನು ರಾಜಿಗೆ ಕರೆಯುತ್ತಿದ್ದಾನೆ. ನಾನು ರಾಜಿಯಾಗಲೇ, ನ್ಯಾಯಸಭೆಗೆ ಹೋಗಲೇ?"

ಹೀಗೆ ಕೇಳಿದ ಶಿಷ್ಯ ಊರುಗೋಲನ್ನು ಪಕ್ಕಕ್ಕಿಟ್ಟು, ಬಟ್ಟೆ ಸುತ್ತಿದ ಕಾಲನ್ನು ನೀಡಿಕೊಂಡು ಕುಳಿತಿದ್ದ. ಗುರುಗಳು ಆ ಕಾಲನ್ನೊಮ್ಮೆ ನೋಡಿದರು. "ಎರಡರಲ್ಲಿ ಒಂದನ್ನು ಹೇಳಿಬಿಟ್ಟರೆ ನೀನು ಎದ್ದು ಹೋಗುತ್ತೀಯೆ. ಕತೆ ಕೇಳು," ಎಂದು ಆರಂಭಿಸಿದರು.

ಒಂದು ಪಟ್ಟಣದಲ್ಲಿ ಒಬ್ಬ ನೇಕಾರನಿದ್ದ. ಒಂದು ದಿನ ಅವನು ಬೀದಿಯುದ್ದಕ್ಕೂ ನೂಲಿನ ಹಾಸು ಎಳೆದು ಗಂಜಿ ಹಚ್ಚುತ್ತಿದ್ದ. ವರ್ತಕನೊಬ್ಬ ಅವಸರದಲ್ಲಿ ಗಾಡಿ ಹೊಡೆದುಕೊಂಡು ಬಂದ. ನೂಲು ಹರಿಯಿತು. ಚಕ್ರ ನೇಕಾರನ ಬಲಗೈ ಮೇಲೆ ಹರಿಯಿತು. ವೈದ್ಯ ಮೂಳೆ ಕೂಡಿಸಿ ಕಟ್ಟು ಹಾಕಿದ. ನಲವತ್ತನೇ ದಿನ ಬಿಚ್ಚಿ ಬೆರಳಾಡಿಸಬೇಕೆಂದು ಹೇಳಿದ.

ಆ ಪಟ್ಟಣದಲ್ಲಿ ಎದುರಿನವನು ಕೊಟ್ಟ ವೀಳ್ಯವನ್ನು ನೊಂದವನು ಬಲಗೈಯಲ್ಲಿ ಹಿಡಿದರೆ ಜಗಳ ಮುಗಿದಂತೆ. ವರ್ತಕ ಮನೆಗೆ ಬಂದು, "ಎತ್ತು ಬೆದರಿತು, ಏನು ಮಾಡುವುದು? ನಿನ್ನ ಕೈ ಸರಿಹೋಗುವವರೆಗೆ ಅಕ್ಕಿ ನಾನು ಕಳಿಸುತ್ತೇನೆ. ಕಟ್ಟು ಬಿಚ್ಚಿದ ದಿನ ವೀಳ್ಯ ಹಿಡಿದುಬಿಡು," ಎಂದ. ಎತ್ತಿಗೆ ಮಾತು ಬರುವುದಿಲ್ಲ ಎಂಬ ಧೈರ್ಯ ಅವನಿಗೆ.

ನೇಕಾರನಿಗೆ ಮೈಯೆಲ್ಲ ಉರಿಯಿತು. "ಎತ್ತಿನ ಮೇಲೆ ಹಾಕಬೇಡಿ ಸ್ವಾಮಿ. ತಪ್ಪು ನನ್ನದು ಅಂತ ನಾಲ್ಕು ಜನರ ಮುಂದೆ ಹೇಳಿ. ನನಗೆ ಬೇಕಾದದ್ದು ಅಷ್ಟೇ." ವರ್ತಕ ಒಪ್ಪಲಿಲ್ಲ. ನೇಕಾರ ಕೇಳಿದ್ದು ನ್ಯಾಯವಾದದ್ದೇ. ಅದರಲ್ಲಿ ಎರಡು ಮಾತಿಲ್ಲ.

ಅವನು ನ್ಯಾಯಸಭೆಗೆ ದೂರು ಕೊಟ್ಟ. ದೂರು ಬರೆದುಕೊಂಡ ಕರಣಿಕ, "ಗಾಯವನ್ನು ಇದ್ದ ಹಾಗೆಯೇ ಸಭೆಗೆ ತೋರಿಸಬೇಕು," ಎಂದ. ಬಣ್ಣ ಬಳಿದುಕೊಂಡು ಸುಳ್ಳು ಗಾಯ ತರುವವರಿಗಾಗಿ ಇದ್ದ ಮಾತು ಅದು. ನೇಕಾರ ಅದನ್ನು ತನ್ನ ಕಸುಬಿಗೆ ತಕ್ಕಂತೆ ಅರ್ಥ ಮಾಡಿಕೊಂಡ. ನೇಯ್ದ ಸೀರೆಯ ಗಂಟನ್ನು ಕೊಳ್ಳುವವರು ಬರುವವರೆಗೆ ಬಿಚ್ಚದೆ ಇಡುವುದು ಅವನ ಪದ್ಧತಿ. ಕೈಯನ್ನೂ ಹಾಗೆಯೇ ಇಟ್ಟ.

ನಲವತ್ತನೇ ದಿನ ಹೆಂಡತಿ ಬಿಸಿನೀರು ಕಾಯಿಸಿ ತಂದಳು. "ಬಿಚ್ಚಿ ನೋಡೋಣ ಬನ್ನಿ," ಎಂದಳು.

"ಬಿಚ್ಚಿದರೆ ಸಭೆಗೆ ಏನು ತೋರಿಸಲಿ? ಇನ್ನೇನು, ಬರುವ ತಿಂಗಳು ಕರೆಯುತ್ತಾರೆ."

ಬರುವ ತಿಂಗಳು ಕರೆಯಲಿಲ್ಲ. ಒಮ್ಮೆ ವರ್ತಕ ಊರಲ್ಲಿರಲಿಲ್ಲ. ಒಮ್ಮೆ ನ್ಯಾಯಾಧಿಕಾರಿಗೆ ಜ್ವರ. ಕಟ್ಟು ಕೊಳೆಯಾದಾಗ ನೇಕಾರ ಅದರ ಮೇಲೆಯೇ ಹೊಸ ಬಟ್ಟೆ ಸುತ್ತಿದ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ಹೆಂಡತಿ ಬೇರೆಯವರಿಗೆ ನೂಲು ಸುತ್ತಿಕೊಟ್ಟು ಮನೆ ನಡೆಸಿದಳು. ಆರು ವರ್ಷ ಹೀಗೇ ಕಳೆಯಿತು.

ಕೊನೆಗೂ ಸಭೆ ಕೂಡಿತು. ಸಾಕ್ಷಿಗಳು ಕಂಡದ್ದನ್ನು ಹೇಳಿದರು. ನೇಕಾರ ಗೆದ್ದ. ವರ್ತಕ ತುಂಬಿದ ಸಭೆಯಲ್ಲಿ ಎದ್ದು ನಿಂತು, "ತಪ್ಪು ನನ್ನದು," ಎಂದ. ಆರು ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದಾಗ ನೇಕಾರ ಎಲ್ಲರೆದುರೇ ಅತ್ತುಬಿಟ್ಟ.

"ಇನ್ನು ಬಲಗೈಯಲ್ಲಿ ವೀಳ್ಯ ಹಿಡಿ," ಎಂದ ನ್ಯಾಯಾಧಿಕಾರಿ.

ಸಭೆಗೆ ಬಂದಿದ್ದ ವೈದ್ಯ ಕಟ್ಟು ಬಿಚ್ಚತೊಡಗಿದ. ಬಿಚ್ಚಿದಷ್ಟೂ ಬಟ್ಟೆ. ಕೊನೆಯ ಸುತ್ತು ಕಳಚಿದಾಗ ಸಭೆ ಬೆಚ್ಚಿಬಿತ್ತು. ಕೈ ಒಣಗಿಹೋಗಿತ್ತು. ಬೆರಳುಗಳು ಮಡಚಿ ಅಂಗೈಗೆ ಅಂಟಿಕೊಂಡಿದ್ದವು. ಉಗುರುಗಳು ಅಂಗೈಯೊಳಕ್ಕೇ ಬೆಳೆದಿದ್ದವು. ಹೆಂಡತಿ ಕಿರುಚಿ ಬಾಯಿಗೆ ಸೆರಗು ಒತ್ತಿಕೊಂಡಳು.

ವೈದ್ಯ ಮಣಿಕಟ್ಟನ್ನು ಎರಡು ಸಲ ಒತ್ತಿ ನೋಡಿದ. ಆಮೇಲೆ ಮೆಲ್ಲಗೆ, "ಮೂಳೆ ಚೆನ್ನಾಗಿ ಕೂಡಿದೆ. ಗಾಡಿ ಮಾಡಿದ ಗಾಯ ಎಂದೋ ಮಾಯ್ದಿದೆ," ಎಂದ.

ವರ್ತಕ ವೀಳ್ಯ ಚಾಚಿಕೊಂಡೇ ನಿಂತಿದ್ದ. ಹಿಡಿಯಲು ನೇಕಾರನಿಗೆ ಬಲಗೈ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಿಳಿಚಿಕೊಂಡಿತ್ತು. "ಹಾಗಾದರೆ ನಾನು ರಾಜಿಯಾಗಬೇಕೇ, ಗುರುಗಳೇ?" ಎಂದು ಕೇಳಿದ.

"ರಾಜಿಯಾಗು, ಇಲ್ಲವೇ ಸಭೆಗೆ ಹೋಗು. ಆದರೆ ಆ ಕಾಲಿನ ಕಟ್ಟು ಬಿಚ್ಚಲು ವೈದ್ಯರು ಹೇಳಿದ್ದ ದಿನ ಯಾವುದು?"