ಎದೆಮಟ್ಟದ ನಮಸ್ಕಾರ

ಹೊಳೆದಂಡೆಗೆ ಒಂದು ಮಠ ಇತ್ತು. ಎರಡು ಕೋಣೆ, ಒಂದು ಕಟ್ಟೆ, ಒಂದು ಬೇವಿನ ಮರ. ಅಷ್ಟೇ.

ಅಲ್ಲಿ ಕಲ್ಲಯ್ಯಜ್ಜ ಇದ್ದರು. ಅವರದೊಂದು ಪದ್ಧತಿ. ಯಾರು ಹೆಂಗೆ ನಮಸ್ಕಾರ ಮಾಡಿದರೂ ಹಂಗೇ ತಿರುಗಿ ಮಾಡುವರು. ಕೈ ಮುಗಿದರೆ ಕೈ ಮುಗಿಯುವರು. ಸೊಂಟ ಬಗ್ಗಿಸಿದರೆ ಸೊಂಟ ಬಗ್ಗಿಸುವರು. ತಾವಾಗಿ ಮೊದಲು ಯಾರಿಗೂ ಮಾಡಿದವರಲ್ಲ.

ಒಮ್ಮೆ ಒಬ್ಬ ದೊಡ್ಡ ಮನುಷ್ಯ ಫೋಟೋದವನನ್ನು ಕರೆದುಕೊಂಡು ಬಂದ. ಅಜ್ಜನ ಮುಂದೆ ಉದ್ದಕ್ಕೆ ಬಿದ್ದ. ಅಜ್ಜನೂ ಅವನ ಎದುರಿಗೆ ಉದ್ದಕ್ಕೆ ಬಿದ್ದರು. ಫೋಟೋದಲ್ಲಿ ಎರಡು ಬೆನ್ನು ಬಂದವು. ಆತ ಮತ್ತೆ ಬರಲಿಲ್ಲ.

ಅದಾದ ಮೇಲೆ ಊರವರು ನಿಂತೇ ಕೈ ಮುಗಿಯತೊಡಗಿದರು. ಮುದುಕರನ್ನು ನೆಲಕ್ಕೆ ಕೆಡವಿದ ಪಾಪ ಯಾಕೆ ಅಂತ.

ಮಾರುದ್ರಪ್ಪ ಅಜ್ಜನ ಶಿಷ್ಯ. ಸಣ್ಣವನಿದ್ದಾಗಿನಿಂದ ಬರುತ್ತಿದ್ದ. ಈಗ ನಲವತ್ತೆಂಟು. ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತ, ತಿದ್ದುತ್ತ ಇಪ್ಪತ್ತಾರು ವರ್ಷ ದುಡಿದ. ಯಾರ ಹೆಸರಿಗೆ ಮೊದಲು ಏನು ಹಾಕಬೇಕು ಅನ್ನುವುದು ಅವನಿಗೆ ಬಾಯಿಪಾಠ. ಮದುಮಗನಿಗೆ ಚಿ. ಮದುಮಗಳಿಗೆ ಚಿ.ಸೌ. ತೀರಿದವರಿಗೆ ಲಿಂ. ಸ್ವಾಮಿಗಳಿಗೆ ಎರಡು ಸಾಲು. ಒಂದು ದಿನವೂ ತಪ್ಪಿಲ್ಲ.

ಹೋದ ಕಾರ್ತಿಕದಲ್ಲಿ ಅವನ ಹೆಂಡತಿ ನೀಲವ್ವ ತೀರಿಕೊಂಡಳು. ಅವಳ ಶಿವಗಣಾರಾಧನೆಯ ಕಾರ್ಡನ್ನು ಅವನೇ ಜೋಡಿಸಿದ. ಹೆಸರಿಗೆ ಮೊದಲು ಲಿಂ. ಅಂತ ಹಾಕಿದ. ಅದರಲ್ಲೂ ತಪ್ಪಿಲ್ಲ.

ಆಮೇಲೆ ಪ್ರೆಸ್ ಮುಚ್ಚಿತು. ಜನ ಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸತೊಡಗಿದ್ದರು. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇತ್ತು. ಅವನಿಗೆ ನೌಕರಿ ಬೇಕಿತ್ತು.

ಮೇಲ್ ಬರೆಯತೊಡಗಿದ. ಮೂವತ್ತೊಂದು ಬರೆದ. ಒಂದಕ್ಕೂ ಉತ್ತರ ಇಲ್ಲ.

ಒಂದು ಸಂಜೆ ಮಠಕ್ಕೆ ಬಂದ. ಬಂದವನು ಪದ್ಧತಿ ಮರೆತ. ಅಜ್ಜನ ಮುಂದೆ ಉದ್ದಕ್ಕೆ ಬಿದ್ದ.

ಅಜ್ಜನಿಗೆ ಎಪ್ಪತ್ತೊಂಬತ್ತು. ಮೊಣಕಾಲು ಹಿಡಿದಿತ್ತು. ಆದರೂ ಕಟ್ಟೆ ಇಳಿದರು. ಒಂದು ಕೈ ಊರಿ, ಇನ್ನೊಂದು ಕೈ ಊರಿ, ಅವನ ಎದುರಿಗೆ ಉದ್ದಕ್ಕೆ ಮಲಗಿದರು.

"ಅಜ್ಜಾರ, ಏಳ್ರಿ. ತಪ್ಪಾತು."

"ನೀ ಏಳೂತನ ನಾ ಏಳಂಗಿಲ್ಲ. ಅಲ್ಲಿಂದ ನನ್ನ ಮಾರಿ ಕಾಣತೈತೇನು?"

"ಇಲ್ರಿ. ನೆಲ ಕಾಣತೈತಿ."

"ನನಗೂ ಅಷ್ಟ. ಒಂದು ಇರಿವಿ ಹೊಂಟೈತಿ. ನಿನ್ನ ಕಡೆನ ಬರಾಕತ್ತೈತಿ."

ಇಬ್ಬರೂ ಎದ್ದರು. ಮಾರುದ್ರಪ್ಪ ಅಜ್ಜನ ಧೂಳು ಜಾಡಿಸಿದ. ಅಜ್ಜ ಅವನ ಧೂಳು ಜಾಡಿಸಿದರು.

"ಏನಾಗೈತಿ?"

"ಮೂವತ್ತೊಂದು ಮಂದಿಗೆ ಬರದೀನ್ರಿ. ಒಬ್ಬರೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ."

"ಒಂದು ಓದು, ಕೇಳೋಣು."

ಮಾರುದ್ರಪ್ಪ ಮೊಬೈಲ್ ತೆಗೆದ. ನೌಕರಿ ಕೊಡಿಸುವ ಕಚೇರಿಯ ರೇಷ್ಮಾ ನದಾಫ್ ಅನ್ನುವವರಿಗೆ ಬರೆದದ್ದು. ಔಷಧಿ ಡಬ್ಬಿ ಅಚ್ಚು ಹಾಕುವ ಒಂದು ಕಾರ್ಖಾನೆಗೆ ಅಕ್ಷರ ತಿದ್ದುವವರು ಬೇಕಾಗಿದ್ದರು. ಜನರನ್ನು ಹುಡುಕಿಕೊಡುವ ಕೆಲಸ ಆ ಕಚೇರಿಯದು.

ಓದಿದ.

"ಮಹಾಮಹಿಮರೂ, ಸಕಲ ಸದ್ಗುಣ ಸಂಪನ್ನರೂ, ದಯಾಸಾಗರರೂ, ಬಡವರ ಪಾಲಿನ ಕಾಮಧೇನುವೂ ಆದ ಪೂಜ್ಯಶ್ರೀ ರೇಷ್ಮಾ ನದಾಫ್ ಇವರ ದಿವ್ಯ ಪಾದಾರವಿಂದಗಳಿಗೆ, ಪಾಮರನಾದ ಮಾರುದ್ರಪ್ಪನು ಸಾಷ್ಟಾಂಗವೆರಗಿ ಬಿನ್ನವಿಸಿಕೊಳ್ಳುವುದೇನೆಂದರೆ..."

"ನಿಲ್ಲು. ಆಕಿಗೆ ವಯಸ್ಸೆಷ್ಟು?"

"ಫೋಟೋ ನೋಡಿದ್ರ ಇಪ್ಪತ್ತಾರು ಇರಬೇಕ್ರಿ."

"ಪಟ್ಟಕ್ಕ ಯಾವಾಗ ಏರಿದಳು?"

ಮಾರುದ್ರಪ್ಪ ತಲೆ ಕೆರೆದುಕೊಂಡ.

"ನಿನಗ ಏನು ಕೆಲಸ ಬರತೈತಿ, ಅದನ್ನ ಎಲ್ಲಿ ಬರದಿ?"

"ಕಡೀ ಸಾಲಿನಾಗ ಐತ್ರಿ."

"ಅಲ್ಲೀತನ ಆಕಿ ಬರಬೇಕಲ್ಲ."

"ದೊಡ್ಡವರಿಗೆ ಬರಿಯೋದು ಹಿಂಗರಿ ಅಜ್ಜಾರ. ಇಪ್ಪತ್ತಾರು ವರ್ಷ ಹಿಂಗ ಬರದೀನಿ."

"ಅವು ಊಟಕ್ಕ ಕರಿಯೋ ಪತ್ರಿಕಿ. ನೀ ಈಗ ಕೆಲಸ ಮಾಡಾಕ ಹೊಂಟೀಯೋ, ಬಿದ್ದಿರಾಕ ಹೊಂಟೀಯೋ?"

"ಕೆಲಸ ಮಾಡಾಕ್ರಿ."

"ಹಂಗಾದ್ರ ಆಕಿಗೆ ನಿನ್ನ ಮಾರಿ ಕಾಣಲಿ. ಎದ್ದು ಬರಿ."

ಮಾರುದ್ರಪ್ಪ ಮನೆಗೆ ಹೋದ. ಎದ್ದು ಬರೆಯುವುದು ಹೆಂಗೆ, ಅವನಿಗೆ ತಿಳಿಯಲಿಲ್ಲ. ಮಗಳು ಸುಗಂಧಾಳನ್ನು ಕೇಳಿದ.

"ಈಗ ಎಲ್ಲಾರೂ ಹಾಯ್ ಅಂತಾರ ಅಪ್ಪಾ," ಅಂದಳು ಅವಳು.

ಎಂಟು ದಿನ ಬಿಟ್ಟು ಮತ್ತೆ ಮಠಕ್ಕೆ ಬಂದ. ಈ ಸಲ ನಿಂತೇ ಕೈ ಮುಗಿದ.

"ಎದ್ದು ಬರದೀನ್ರಿ ಅಜ್ಜಾರ."

"ಓದು."

"ಹಾಯ್ ರೇಷ್ಮಾ. ಹೆಂಗದಿ? ನಾನು ಮಾರು. ನಿಮ್ಮ ಕಡೆ ಒಂದು ನೌಕರಿ ಐತಂತ. ನನ್ನ ನೆನಪಿಡವಾ."

"ಕಳಿಸಿದೇನು?"

"ಇಲ್ರಿ. ಬೆರಳು ಒತ್ತವಲ್ದು."

ಹೊಳೆಯಲ್ಲಿ ಒಬ್ಬ ಬಲೆ ಜಾಡಿಸುತ್ತಿದ್ದ. ಬೇರೆ ಊರಿನವನು. ಅಜ್ಜ ಹೊಳೆಯ ಮೆಟ್ಟಿಲು ಇಳಿದು ಹೋದರು. ಹಿಂದಿನಿಂದ ಅವನ ಕೊರಳಿಗೆ ಕೈ ಹಾಕಿದರು.

"ಏನಲೇ ದೋಸ್ತ, ಹೆಂಗದಿ?"

ಆತ ಬೆಚ್ಚಿಬಿದ್ದ. ಬಲೆ ನೀರಿಗೆ ಬಿತ್ತು.

"ಯಾರ್ರಿ ನೀವು? ಮೊದಲ ಕೈ ತಗೀರಿ."

"ತಪ್ಪಾತಪ್ಪ. ನನಗ ಇಂವ ಕಲಿಸಿದ."

ಆತ ಮೆಟ್ಟಿಲ ಮೇಲಿದ್ದ ಮಾರುದ್ರಪ್ಪನನ್ನು ನೋಡಿದ. "ಮುದುಕರಿಗೆ ಇಂಥಾದ್ದು ಕಲಿಸತೀಯೇನೋ?" ಅಂದ.

ಆಮೇಲೆ ಅವನಿಗೆ ಅಜ್ಜನ ಕಾವಿ ಕಂಡಿತು. ಬಲೆ ಎತ್ತಿ ಹೆಗಲಿಗೆ ಹಾಕಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದು ಎದೆಮಟ್ಟಕ್ಕೆ ಕೈ ಮುಗಿದ. ಅಜ್ಜನೂ ಎದೆಮಟ್ಟಕ್ಕೆ ಮುಗಿದರು.

"ಮೀನು ಬಿದ್ದಾವೇನು?"

"ಎಲ್ಲೀದ್ರಿ. ಮುಂಜಾನಿಯಿಂದ ಬರೇ ಕಸ."

"ಮ್ಯಾಲಿನ ಮಡುವಿನಾಗ ನೋಡು. ಬಂಡೆಗಲ್ಲಿನ ಕೆಳಗ ಇರತಾವ."

ಸ್ವಾಮಿಗಳ ಬಾಯಲ್ಲಿ ಮೀನಿನ ಸುದ್ದಿ ಕೇಳಿ ಆತ ನಕ್ಕ. ನಗುತ್ತಲೇ ಮಡುವಿನ ಕಡೆ ಹೋದ.

ಅಜ್ಜ ಮೆಟ್ಟಿಲು ಹತ್ತಿ ಬಂದು ಕೂತರು. ಮೊಣಕಾಲು ತಿಕ್ಕಿಕೊಂಡರು.

"ನೋಡಿದೇನು? ಆತಗ ನನ್ನ ಗುರುತಿಲ್ಲ, ನನಗ ಆತನ ಗುರುತಿಲ್ಲ. ಒಂದು ನಮಸ್ಕಾರ, ಒಂದು ಕೆಲಸದ ಮಾತು. ಮತ್ತೇನು ಬೇಕಿತ್ತು?"

ಮಾರುದ್ರಪ್ಪ ಅಲ್ಲೇ ಕೂತು ಬರೆದ. ಬಹಳ ಹೊತ್ತು ಹಿಡಿಯಿತು. ಒಂದೊಂದೇ ಬಿರುದು ಬೆರಳ ತುದಿಗೆ ಬರುತ್ತಿತ್ತು. ಒಂದೊಂದನ್ನೇ ಅಳಿಸಿದ.

"ರೇಷ್ಮಾ ನದಾಫ್ ಅವರಿಗೆ, ನಮಸ್ಕಾರ. ನಾನು ಮಾರುದ್ರಪ್ಪ. ಇಪ್ಪತ್ತಾರು ವರ್ಷ ಅಚ್ಚಿನ ಅಕ್ಷರ ತಿದ್ದಿದ್ದೇನೆ. ನಾನು ನೋಡಿ ಬಿಟ್ಟ ಹಾಳೆಯಲ್ಲಿ ತಪ್ಪು ಸಿಕ್ಕಿಲ್ಲ. ಔಷಧಿ ಡಬ್ಬಿಯ ಕೆಲಸ ನನಗೆ ಬರುತ್ತದೆ. ಯಾವಾಗ ಬರಲಿ, ತಿಳಿಸಿ."

"ಇಷ್ಟನ ಅಜ್ಜಾರ? ಬರಿಮೈಯಾಗ ನಿಂತಂಗ ಆಗತೈತಿ."

"ಆಗಲಿ. ಗಾಳಿ ಆಡಲಿ."

"ಮರ್ಯಾದಿ ಕಡಿಮಿ ಆತೇನ್ರಿ?"

"ಹೆಸರಿನ ಮುಂದ ಅವರು ಅಂದೀ. ನಮಸ್ಕಾರ ಅಂದೀ. ಸುಳ್ಳು ಹೇಳಿಲ್ಲ. ಇನ್ನ ಕಡಿಮಿ ಏನಾತು?"

ಈ ಸಲ ಬೆರಳು ಒತ್ತಿತು.

ಮೂರನೇ ದಿನ ಉತ್ತರ ಬಂತು. ಮಾರುದ್ರಪ್ಪ ಓಡುತ್ತ ಮಠಕ್ಕೆ ಬಂದ. ಕೈ ಮುಗಿಯುವುದಕ್ಕೂ ಮೊದಲು ಓದತೊಡಗಿದ.

"ಮಾರುದ್ರಪ್ಪ ಅವರಿಗೆ, ನಮಸ್ಕಾರ. ಇದೇ ಕೆಲಸಕ್ಕೆ ನೀವು ಮೊದಲೂ ಬರೆದಿದ್ದಿರಿ. ಯಾರೋ ತಮಾಷೆ ಮಾಡಿದ್ದಾರೆ ಅಂತ ಬಿಟ್ಟಿದ್ದೆ, ಕ್ಷಮಿಸಿ. ನಿಮ್ಮಂಥವರೇ ಅವರಿಗೆ ಬೇಕಾಗಿದ್ದಾರೆ. ಒಂದೇ ಮಾತು. ಅಲ್ಲಿನ ಮ್ಯಾನೇಜರಿಗೆ ನೀವೇ ಬರೆಯಬೇಕು. ಮೇಲೆ ಪೂಜ್ಯರೇ ಅಂತ, ಕೆಳಗೆ ತಮ್ಮ ಸೇವಕ ಅಂತ ಇಲ್ಲದಿದ್ದರೆ ಅವರು ಓದುವುದಿಲ್ಲ. ನನ್ನಿಂದಲೂ ಹಾಗೇ ಬರೆಯಿಸುತ್ತಾರೆ. ಹಾಕಿ ಕಳಿಸಿ, ಕೆಲಸ ಆಗುತ್ತದೆ."

ಓದಿ ಮುಗಿಸಿ ಅಜ್ಜನ ಮುಖ ನೋಡಿದ.

"ಎರಡ ಮಾತಲ್ರಿ ಅಜ್ಜಾರ. ನನಗೇನು, ಲಕ್ಷ ಸಲ ಅಚ್ಚು ಹಾಕೀನಿ. ಹಾಕಿದ್ರ ನೌಕರಿ ಸಿಗತೈತಿ."

"ಹಾಕು ಹಂಗಾದ್ರ."

ಮಾರುದ್ರಪ್ಪ ಹಾಕಲಿಲ್ಲ.

"ಯಾಕ, ಇವತ್ತೂ ಬೆರಳು ಒತ್ತವಲ್ದೇನು?"

ಅವನು ಕಿಸೆಯಿಂದ ಒಂದು ಡಬ್ಬಿ ತೆಗೆದ. ಗುಳಿಗೆಯ ಡಬ್ಬಿ. ಖಾಲಿ. ಅಂಚು ಸವೆದಿತ್ತು.

"ನೀಲವ್ವಂದ್ರಿ. ಇದು ಅದ ಕಾರ್ಖಾನ್ಯಾಗ ಅಚ್ಚಾಗಿದ್ದು."

"ಏನೈತಿ ಇದರಾಗ?"

"ಇಂಗ್ಲಿಷಿನಾಗ ಊಟದ ನಂತರ ತಗೋಬೇಕು ಅಂತೈತ್ರಿ. ಕನ್ನಡದಾಗ ಊಟಕ್ಕೆ ಮೊದಲು ಅಂತೈತಿ. ಆಕಿ ಕನ್ನಡ ಓದಿದಳು. ಒಂದು ತಿಂಗಳು ಖಾಲಿ ಹೊಟ್ಟ್ಯಾಗ ನುಂಗಿದಳು. ಹೊಟ್ಟಿ ಸುಡತೈತಿ, ಸುಡತೈತಿ ಅಂತಿದ್ದಳು. ಜಡ್ಡಿಂದು ಅಂದುಕೊಂಡೆ. ಒಂದಿನ ಡಬ್ಬಿ ಓದಿದ ಮ್ಯಾಲೆ ತಿಳೀತು."

"ಅದರಿಂದನ ಹೋದಳೇನು?"

"ಇಲ್ರಿ. ಜಡ್ಡು ಬ್ಯಾರೇನ ಇತ್ತು. ಆದರ ಆಕಿಗೆ ಉಳಿದದ್ದ ನಾಕು ತಿಂಗಳು. ಅದರಾಗ ಒಂದು ತಿಂಗಳು ಹಂಗ ಹೋತು."

ಅಜ್ಜ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದರು.

"ಕಾರ್ಖಾನಿಯವರಿಗೆ ತಿಳಿಸಲಿಲ್ಲೇನು?"

"ಪತ್ರ ಬರದಿದ್ದೆರಿ. ಪೂಜ್ಯರೇ, ದಯಾಸಾಗರರೇ, ಪಾಮರನ ಮಾತು ಹೆಚ್ಚಾದರೆ ಕ್ಷಮಿಸಬೇಕು ಅಂತ. ಡಬ್ಬಿ ಮಾತು ಕಡೀ ಸಾಲಿನಾಗ ಇತ್ತು."

"ಮತ್ತ?"

"ಮೊನ್ನೆ ಅಂಗಡ್ಯಾಗ ನೋಡೀನ್ರಿ. ಇನ್ನೂ ಹಂಗ ಐತಿ."

"ಕಡೀ ಸಾಲಿನಾಗ ಯಾಕ ಇಟ್ಟಿ?"

"ಮೊದಲನೇ ಸಾಲಿನಾಗ ಪೂಜ್ಯರು ಕುಂತಿದ್ರಲ್ರಿ."

"ಅವರನ್ನ ಎಬ್ಬಿಸು," ಅಂದರು ಅಜ್ಜ. "ಅಲ್ಲಿ ನೀಲವ್ವನ್ನ ಕುಂಡ್ರಿಸು."

ಮಾರುದ್ರಪ್ಪ ಅಜ್ಜನ ಕೈಯಿಂದ ಡಬ್ಬಿಯನ್ನು ತಿರುಗಿ ತೆಗೆದುಕೊಂಡ.

"ನೌಕರಿ ಹೋಗತೈತ್ರಿ."

"ಹೋಗಬಹುದು."

"ಮಗಳ ಓದು ಐತ್ರಿ."

"ಐತಿ. ನಾಳೆ ಆಕಿ ಇಂಥಾ ಡಬ್ಬಿ ಓದೇ ಮಂದಿಗೆ ಗುಳಿಗಿ ಕೊಡಾಕಿ."

ಮಾರುದ್ರಪ್ಪ ಬರೆದ. ಈ ಸಲ ಹೊತ್ತು ಹಿಡಿಯಲಿಲ್ಲ.

"ಮ್ಯಾನೇಜರ್ ಅವರಿಗೆ, ನಮಸ್ಕಾರ. ನಿಮ್ಮಲ್ಲಿ ಅಚ್ಚಾದ ಈ ಡಬ್ಬಿಯ ಮೇಲೆ ಕನ್ನಡ ತಪ್ಪಾಗಿದೆ. ಊಟದ ನಂತರ ಅಂತ ಇರಬೇಕು. ಊಟಕ್ಕೆ ಮೊದಲು ಅಂತ ಇದೆ. ಜನ ಖಾಲಿ ಹೊಟ್ಟೆಗೆ ನುಂಗುತ್ತಿದ್ದಾರೆ. ನನ್ನ ಹೆಂಡತಿ ನುಂಗಿದಳು. ಇಂಥದ್ದನ್ನು ಹಿಡಿಯುವ ಕೆಲಸ ನನಗೆ ಬರುತ್ತದೆ. ಕೊಟ್ಟರೆ ಮಾಡುತ್ತೇನೆ. ಕೊಡದಿದ್ದರೂ ಇದನ್ನು ತಿದ್ದಿ."

"ಕೆಳಗ ಏನು ಹಾಕ್ಲಿರಿ? ಸೇವಕ ಅಂತ ಕೇಳ್ಯಾರ."

"ನಿಮ್ಮಪ್ಪ ನಿನಗ ಏನಂತ ಹೆಸರಿಟ್ಟಾನ?"

ಮಾರುದ್ರಪ್ಪ ಅಂತ ಹಾಕಿದ. ಡಬ್ಬಿಯ ಫೋಟೋ ತೆಗೆದು ಸೇರಿಸಿದ. ಅದೇ ಪತ್ರವನ್ನು ರೇಷ್ಮಾ ನದಾಫ್ ಅವರಿಗೂ ಕಳಿಸಿದ.

ಎರಡು ತಿಂಗಳು ಅವನು ಮಠದ ಕಡೆ ಬರಲಿಲ್ಲ.

ಬಂದ ದಿನ ಬೇವು ಹೂಬಿಟ್ಟಿತ್ತು. ಎದೆಮಟ್ಟಕ್ಕೆ ಕೈ ಮುಗಿದ. ಅಜ್ಜನೂ ಮುಗಿದರು.

"ಏನಂದ್ರು?"

"ಮ್ಯಾನೇಜರು ಮರುದಿನಾನ ಬರದ್ರು. ಒಂದ ಸಾಲು. ಮೊದಲು ದೊಡ್ಡವರ ಹತ್ತಿರ ಮಾತಾಡುವುದು ಕಲಿಯಿರಿ ಅಂತ."

"ನೌಕರಿ?"

"ಇಲ್ರಿ."

"ನೀ ಏನು ಬರದಿ?"

"ಏನೂ ಬರೀಲಿಲ್ರಿ. ಬರಿಯೋದು ಬರದಾಗಿತ್ತಲ್ಲ."

ಅಜ್ಜ ತಲೆಯಾಡಿಸಿದರು.

"ಆ ಹುಡುಗಿ?"

"ರೇಷ್ಮಾ ಅವರು ಮೊನ್ನೆ ಬರದಾರ್ರಿ. ನನ್ನ ಪತ್ರ ಒಂದಕ್ಷರ ತಗೀದಂಗ ಬ್ಯಾರೆ ಎರಡು ಕಡೆ ಕಳಿಸ್ಯಾರಂತ. ಒಂದು ಕಡೆ ಸೋಮವಾರ ಕರದಾರ. ಏನಾಗತೈತೋ ಗೊತ್ತಿಲ್ಲ. ಕೆಳಗ ಇನ್ನೊಂದು ಮಾತು ಹಾಕ್ಯಾರ. ತಾವೂ ಈಗ ಮ್ಯಾನೇಜರಿಗೆ ಹೆಸರು ಹಿಡಿದು, ಅವರು ಅಂತ ಹಚ್ಚಿ, ನಮಸ್ಕಾರ ಅಂತ ಬರೀತಾರಂತ."

"ಆತ ಓದತಾನಂತೇನು?"

"ಬೈತಾನಂತ್ರಿ. ಬೈಬೇಕಂದ್ರ ಓದಬೇಕಲ್ರಿ."

ಅಜ್ಜ ನಕ್ಕರು. ಮಾರುದ್ರಪ್ಪನೂ ನಕ್ಕ. ನೀಲವ್ವ ಹೋದ ಮೇಲೆ ಅವನು ನಕ್ಕದ್ದನ್ನು ಅಜ್ಜ ನೋಡಿರಲಿಲ್ಲ.

ಆಮೇಲೆ ಅವನು ಕಿಸೆಗೆ ಕೈ ಹಾಕಿದ. ಎರಡು ಡಬ್ಬಿ ತೆಗೆದು ಕಟ್ಟೆಯ ಮೇಲೆ ಇಟ್ಟ. ಒಂದು ಹಳೆಯದು, ಅಂಚು ಸವೆದದ್ದು. ಇನ್ನೊಂದು ಹೊಸದು.

"ನಿನ್ನೆ ಅಂಗಡ್ಯಾಗ ತಗೊಂಡೆರಿ."

ಅಜ್ಜ ಕನ್ನಡಕ ಹಾಕಿಕೊಂಡರು. ಹಳೆಯದನ್ನು ಓದಿದರು. ಹೊಸದನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು.

"ಊಟದ ನಂತರ."

ಮತ್ತೊಮ್ಮೆ ಓದಿದರು.

ಡಬ್ಬಿಯನ್ನು ಕೆಳಗಿಟ್ಟರು. ಮೊಣಕಾಲಿನ ಮೇಲೆ ಕೈ ಊರಿ ಎದ್ದು ನಿಂತರು. ಮಾರುದ್ರಪ್ಪನ ಮುಖ ನೋಡಿದರು. ಎದೆಮಟ್ಟಕ್ಕೆ ಕೈ ತಂದು ಮುಗಿದರು. ತಾವಾಗಿ, ಮೊದಲು.

ಮಾರುದ್ರಪ್ಪ ಉದ್ದಕ್ಕೆ ಬೀಳಲು ಬಗ್ಗಿದ. ಅವನು ನೆಲಕ್ಕೆ ಇಳಿಯುವುದರೊಳಗೆ ಅಜ್ಜ ಅವನ ರಟ್ಟೆ ಹಿಡಿದರು.

"ಬೀಳಬ್ಯಾಡ," ಅಂದರು. "ನಿಂತು ತಗೋ."